ಮೊದಲ ಕುಂಚಿಗೆ

ಸೂಜಿ ಮುರಿದದ್ದು ಬೆಳಿಗ್ಗೆ ಹತ್ತೂವರೆಗೆ, ಸುಂದರವ್ವನ ಮಿಷನ್ನಿನಲ್ಲಿ. ನಲವತ್ತು ಮಿಷನ್ನುಗಳು ಒಮ್ಮೆಲೇ ಗಡಗಡ ಅನ್ನುವ ಶೆಡ್ಡಿನಲ್ಲಿ ಆ ಟಕ್ ಅನ್ನುವ ಸಪ್ಪಳ ಬೇರೆ ಯಾರಿಗೂ ಕೇಳುವಂಥದಲ್ಲ. ಕಸ್ತೂರಿಗೆ ಕೇಳಿತು. ಹದಿನೆಂಟು ವರ್ಷದಿಂದ ಆ ಸಪ್ಪಳಕ್ಕೆ ಕಿವಿ ಕೊಟ್ಟು ಕೂಡುವುದೇ ಅವಳ ಕೆಲಸ.

ಇಳಕಲ್ಲಿನ ‘ಹಾಲುಗಲ್ಲ’ ಕಂಪನಿಯಲ್ಲಿ ಮಕ್ಕಳ ಬಟ್ಟೆ ಬಿಟ್ಟರೆ ಬೇರೇನೂ ಹೊಲಿಯುವುದಿಲ್ಲ. ಹಾಗಾಗಿ ಅಲ್ಲಿ ಒಂದು ಕಾನೂನು. ಸೂಜಿ ಮುರಿದರೆ ಮಿಷನ್ ನಿಲ್ಲಬೇಕು. ಚೂರುಗಳನ್ನೆಲ್ಲ ಹುಡುಕಿ ಕಸ್ತೂರಿಯ ಕೈಗೆ ಕೊಡಬೇಕು. ಅವಳು ಅವನ್ನು ಉದ್ದನೆಯ ವಹಿಯ ಪುಟದ ಮೇಲೆ ಜೋಡಿಸಿ, ಸೂಜಿ ಪೂರ್ತಿ ಆಯಿತೆಂದು ಕಂಡ ಮೇಲೆ ಟೇಪು ಅಂಟಿಸಿ, ಪಕ್ಕದಲ್ಲಿ ತಾರೀಖು, ಹೆಸರು, ಕಾರಣ ಬರೆಯಬೇಕು. ಆಮೇಲೇ ಹೊಸ ಸೂಜಿ. ಪೂರ್ತಿ ಆಗದಿದ್ದರೆ ಆ ಸಾಲಿನ ಕೆಲಸವೆಲ್ಲ ಬಂದ್; ಅಲ್ಲಿಂದ ಒಂದು ಚಿಂದಿಯೂ ಬಾಗಿಲು ದಾಟುವಂತಿಲ್ಲ.

ಅಂಥ ವಹಿಗಳು ಹನ್ನೊಂದು ತುಂಬಿವೆ. ಕಾರಣದ ಜಾಗದಲ್ಲಿ ಕಸ್ತೂರಿ ಕಂಡದ್ದನ್ನು ಕಂಡ ಹಾಗೆ ಬರೆಯುವವಳು. ‘ತಬಸುಮ — ಮಾತು ಜಾಸ್ತಿ.’ ‘ಸುಂದರವ್ವ — ಗಂಡನ ಕೂಡ ಜಗಳಾಡಿ ಬಂದಿದ್ದಳು.’ ‘ತಬಸುಮ — ಮತ್ತ ಮಾತು.’ ಯಾರಾದರೂ ಕಂಪನಿಯ ಬಗ್ಗೆ ಕೇಳಿದರೆ ಮಾಲಕಿ ಇಂದ್ರಾಬಾಯಿ ಆ ವಹಿಗಳನ್ನೇ ಎಳೆದು ಮುಂದಿಡುತ್ತಿದ್ದರು. “ನಮ್ಮ ಚರಿತ್ರಿ ಅಂದ್ರ ಇದಪಾ. ಓದ್ಕೋರಿ.”

ಸುಂದರವ್ವ ತಂದು ಕೊಟ್ಟದ್ದು ಎರಡು ಚೂರು. ಬುಡ, ನಡು.

“ತುದಿ ಎಲ್ಲಿ?” ಕಸ್ತೂರಿ ಕೇಳಿದಳು.

“ಇಲ್ಲೇ ಎಲ್ಲೆರ ಸಿಡದಿರಬೇಕ ಕಸ್ತೂರಕ್ಕ. ಹನ್ನೊಂದಕ್ಕ ನನ್ನ ಬಸ್ಸು.”

ಅಂದು ಸುಂದರವ್ವನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಮಗಳ ಎರಡನೆಯ ಬಾಣಂತನ ಶಿರೂರಿನ ಅತ್ತೆಮನೆಯಲ್ಲೇ ಆಗಿತ್ತು. ತವರಿನಿಂದ ಕುಂಚಿಗೆ ಹೋಗಬೇಕು. ತಲೆಗೆ ಟೊಪ್ಪಿಗೆ, ಬೆನ್ನ ಮೇಲೆ ಸೆರಗಿನಂತೆ ಇಳಿಬಿದ್ದ ಖಣದ ಬಟ್ಟೆ, ನೆತ್ತಿಗೆ ಒಂದು ಗೊಂಡೆ. ಹೆಸರಿಡುವಾಗ ಕೂಸಿನ ಮೈಮೇಲೆ ಅದು ಇರಲೇಬೇಕು. ಹಿಂದಿನ ಸಲ ತಂದದ್ದು ಬಿಗಿಯಾಯಿತೆಂದು ಬೀಗತಿ ಹತ್ತು ಮಂದಿಯ ಮುಂದೆ, “ತವರಿನವರ ಕೈ ಸಣ್ಣದು ಬಿಡ್ರಿ” ಅಂದಿದ್ದಳಂತೆ. ಸುಂದರವ್ವ ಅದನ್ನು ಮೂರು ವರ್ಷದಿಂದ ಹೇಳುತ್ತಿದ್ದಳು.

ಕಂಪನಿಯಲ್ಲಿ ಇನ್ನೊಂದು ರೂಢಿ ಇತ್ತು. ಬಟ್ಟೆಯ ಹೊಸ ಥಾನು ಬಿಚ್ಚಿ ಹೊಲಿದ ಮೊದಲ ಕುಂಚಿಗೆಯನ್ನು ಮಾರುವುದಿಲ್ಲ. ಕೆಲಸದವರ ಬಳಗದಲ್ಲಿ ಯಾವ ಕೂಸು ಹೊಸದಾಗಿ ಹುಟ್ಟಿದೆಯೋ ಅದಕ್ಕೆ. ಈ ಸಲ ಅದು ಸುಂದರವ್ವನ ಪಾಲಿಗೆ ಬಂದಿತ್ತು. ಬೆಳಿಗ್ಗೆಯೇ ಹೊಲಿದು ಮುಗಿಸಿ ಮಿಷನ್ನಿನ ಪಕ್ಕ ಮಡಚಿಟ್ಟಿದ್ದಳು. ಸೂಜಿ ಮುರಿದದ್ದು ಎರಡನೆಯದನ್ನು ಹೊಲಿಯುವಾಗ.

ಇಬ್ಬರೂ ಆ ಎರಡನೆಯದನ್ನು ಮಡಿಕೆ ಮಡಿಕೆಯಾಗಿ ಹಿಚುಕಿ ನೋಡಿದರು. ಮಿಷನ್ನಿನ ಕೆಳಗೆ ಕಸ್ತೂರಿ ಮಂಡಿಯೂರಿ ಮ್ಯಾಗ್ನೆಟ್ ಆಡಿಸಿದಳು. ಧೂಳು, ಒಂದು ಟಾಚಣಿ ಪಿನ್ನು, ಅಷ್ಟೇ. ಫರಸಿ ಕಲ್ಲುಗಳ ನಡುವೆ ಬೆರಳು ಹೋಗದಷ್ಟು ಸಂದು. ಅಲ್ಲೇ ಬಿದ್ದಿರಬೇಕು ಅಂದುಕೊಂಡಳು. ಗಡಿಯಾರದಲ್ಲಿ ಹತ್ತು ಐವತ್ತು. ಸುಂದರವ್ವ ಚೀಲ ಹಿಡಿದು ನಿಂತಿದ್ದಳು; ಬಾಯಿ ಬಿಟ್ಟು ಕೇಳಲಿಲ್ಲ, ಕಣ್ಣು ಮಾತ್ರ ಕಸ್ತೂರಿಯನ್ನು ಬಿಟ್ಟಿರಲಿಲ್ಲ.

ಮೇಜಿನ ಡಬ್ಬಿಯಲ್ಲಿ ಹಳೆಯ ವಹಿಗಳಿಂದ ಕಳಚಿ ಬಿದ್ದ ಚೂರುಗಳು ಇದ್ದವು. ಕಸ್ತೂರಿ ಅದರಿಂದ ಒಂದು ತುದಿ ತೆಗೆದು ವಹಿಯಲ್ಲಿ ಜೋಡಿಸಿದಳು, ಟೇಪು ಒತ್ತಿದಳು, ‘ಸುಂದರವ್ವ — ಮೊಮ್ಮಗಳ ಸಡಗರ’ ಎಂದು ಬರೆದಳು.

“ಹೋಗು. ಬೀಗತಿ ಕೈ ಎಷ್ಟ್ ದೊಡ್ಡದೈತಿ ಅಂತ ನೋಡ್ಕೊಂಡ್ ಬಾ.”

ಸುಂದರವ್ವ ನಗುತ್ತಾ ಓಡಿದಳು.

ಒಂದೂವರೆಗೆ ಶಹರಬಾನು ಬಂದು ಮೇಜಿನ ಮುಂದೆ ನಿಂತಳು. ತಯಾರಾದ ಬಟ್ಟೆಗಳನ್ನು ಕಡೆಯ ಸಲ ನೋಡಿ ಕಳಿಸುವವಳು ಅವಳು. ಲೋಹ ಇದ್ದರೆ ಕೂಗುವ ಕಡ್ಡಿಯಂಥ ಯಂತ್ರ ಅವಳ ಕೈಯಲ್ಲೇ ಇರುತ್ತಿತ್ತು.

“ಸುಂದರವ್ವನ ಸಾಲು ಎಲ್ಲಾ ನೋಡಿದ್ನಿ. ಸ್ವಚ್ಛ ಐತಿ. ಫರಸಿ ಸಂದಿನ ಮ್ಯಾಲೂ ಕಡ್ಡಿ ಆಡಿಸಿದ್ನಿ.”

“ಫರಸಿ ಯಾಕ ನೋಡಿದಿ?”

“ನೀ ಮುಂಜಾನಿಂದ ಅದನ್ನೇ ನೋಡಾಕತ್ತಿ ಅಲ್ಲ, ಅದಕ್ಕ.”

ಕಸ್ತೂರಿ ಮನಸ್ಸಿನಲ್ಲೇ ಒಂದೊಂದೇ ಎಣಿಸಿದಳು. ಕೆಳಗಿಲ್ಲ. ಮೇಜಿನ ಮೇಲಿಲ್ಲ. ಸಾಲಿನ ಯಾವ ಬಟ್ಟೆಯಲ್ಲೂ ಇಲ್ಲ. ಕಡ್ಡಿ ಕಾಣದೆ ಹೋದದ್ದು ಒಂದೇ ಒಂದು: ಸೂಜಿ ಸಿಡಿದಾಗ ಮಿಷನ್ನಿನ ಪಕ್ಕದಲ್ಲೇ ಮಡಚಿಟ್ಟಿದ್ದ ಮೊದಲ ಕುಂಚಿಗೆ. ಜೋಳದ ಕಾಳಿನಷ್ಟೂ ಇಲ್ಲದ ಆ ತುದಿ ಈಗ ಹನ್ನೆರಡು ದಿನದ ಕೂಸಿನ ನೆತ್ತಿಯ ಕಡೆಗೆ ಹೊರಟಿತ್ತು. ಅಲ್ಲಿ ಇನ್ನೂ ಎಲುಬು ಕೂಡಿರುವುದಿಲ್ಲ.

ಮೇಜಿನ ಮೇಲಿನ ಕಂಪನಿಯ ಫೋನಿನಿಂದ ಸುಂದರವ್ವನಿಗೆ ಹಚ್ಚಿದಳು. ಗೇಟಿನ ಬಳಿಯ ಪೆಟ್ಟಿಗೆಯೊಳಗೆ ರಿಂಗಾಯಿತು. ಕೆಲಸಕ್ಕೆ ಬಂದವರೆಲ್ಲ ಫೋನು ಅದರಲ್ಲಿಟ್ಟು ಒಳಬರಬೇಕು. ಬಸ್ಸಿನ ಅವಸರದಲ್ಲಿ ಸುಂದರವ್ವ ಮರೆತು ಹೋಗಿದ್ದಳು. ಮಗಳ ನಂಬರು ಇದ್ದದ್ದೂ ಅದರೊಳಗೇ.

“ಹೆಸರಿಡೂದು ಎಷ್ಟಕ್ಕ?” ಶಹರಬಾನು ಕೇಳಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು.

“ಮೂರೂವರಿಗೆ ಅಂದಿದ್ಲು.”

“ಮತ್ತ ನನ್ನ ಮುಖಾ ಏನ್ ನೋಡ್ತಿ? ಬಾಯಾರ ಕಡೆ ನಡಿ.”

ಇಂದ್ರಾಬಾಯಿ ಆಫೀಸಿನಲ್ಲಿ ಚಾಳೀಸು ಹಾಕಿಕೊಂಡು ಪ್ರೂಫ್ ಹಾಳೆ ಓದುತ್ತಿದ್ದರು. ಕಂಪನಿಗೆ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಮಗ ಪ್ರವೀಣಕುಮಾರ ಒಂದು ಚರಿತ್ರೆಯ ಪುಸ್ತಕ ಮಾಡಿಸುತ್ತಿದ್ದ. ಅಂದೇ ಬಾಗಲಕೋಟೆಯ ಪ್ರೆಸ್ಸಿನಲ್ಲಿ ಅಚ್ಚಿಗೆ ಹೋಗುವುದಿತ್ತು.

“ಬಾಯಾರ, ವಹಿಯೊಳಗ ನಾ ಸುಳ್ಳ ಅಂಟಿಸೇನ್ರಿ.”

ಇಂದ್ರಾಬಾಯಿ ತಲೆ ಎತ್ತಲಿಲ್ಲ. “ಯಾವ ಪುಟ?”

“ಇವತ್ತಿಂದು.”

ವಹಿ ತರಿಸಿ ಟೇಪನ್ನು ಉಗುರಿನಿಂದ ಎಬ್ಬಿಸಿದರು. ತುದಿಯನ್ನು ನಡುವಿನ ಚೂರಿಗೆ ತಾಗಿಸಿ ಬೆಳಕಿಗೆ ಹಿಡಿದರು. “ಹದಿನಾಕನೇ ನಂಬರ್ ಸೂಜಿಗೆ ಹನ್ನೊಂದರ ತುದಿ ಹಚ್ಚೀದಿ. ಇದನ್ನ ಒಂದ್ ಸರ್ತಿ ನೋಡಿದ್ರ ಸಾಕು, ಗೊತ್ತಾಗತೈತಿ.”

“ನಾ ಬರದಿದ್ದನ್ನ ನೀವು ಎಂದೂ ತಿರಗಿ ನೋಡಿಲ್ರಿ.”

“ಹೂಂ. ನೋಡಿಲ್ಲ.” ಚಾಳೀಸು ತೆಗೆದಿಟ್ಟರು. “ಬಟ್ಟಿ ಎಲ್ಲೈತಿ?”

ಕಸ್ತೂರಿ ಹೇಳಿದಳು. ಇಂದ್ರಾಬಾಯಿ ಎದ್ದು ಚಪ್ಪಲಿ ಮೆಟ್ಟಿದರು. “ನಾಗಲಿಂಗಗ ಗಾಡಿ ತಗೀ ಅನ್ನು. ಶಹರಬಾನು, ಆ ಕಡ್ಡಿ ಕೊಡಿಲ್ಲೆ.”

ಎರಡು ಗಂಟೆಗೆ ಗಾಡಿ ಇಳಕಲ್ಲು ಬಿಟ್ಟಿತು. ನಾಗಲಿಂಗ ಕಂಪನಿಯ ಮಾಲು ಸಾಗಿಸುವ ಡ್ರೈವರು. ಸುಮ್ಮನಿದ್ದರೆ ಅವನಿಗೆ ನಿದ್ದೆ ಬರುತ್ತದಂತೆ, ಅದಕ್ಕೆ ಮಾತು ನಿಲ್ಲಿಸುವುದಿಲ್ಲ.

“ಬಾಯಾರ ನನ್ನ ಗಾಡಿ ಹತ್ತಿ ಎರಡು ವರ್ಷ ಆತ್ರಿ. ಏನ್, ಲಗ್ನಕ್ಕೇನ್ರಿ?”

“ರಸ್ತಾ ನೋಡು ನಾಗಲಿಂಗ.”

ಅವನು ಕನ್ನಡಿಯಲ್ಲಿ ಕಸ್ತೂರಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಹಾಗೆ ಅವನು ಸುಮ್ಮನಾದದ್ದೇ ಕಸ್ತೂರಿಗೆ ಇನ್ನೂ ಹೆದರಿಕೆ ತಂದಿತು.

ಹುನಗುಂದದ ಒಳಗೆ ಹಾಯುವಾಗ ಇಂದ್ರಾಬಾಯಿ ಎಡಗಡೆಯ ಒಂದು ಓಣಿಯತ್ತ ನೋಡಿದರು. ಕಸ್ತೂರಿಗೂ ಆ ಓಣಿ ಗೊತ್ತು. ‘ಹಾಲುಗಲ್ಲ’ ಶುರುವಾದದ್ದು ಅಲ್ಲಿಯ ತಗಡಿನ ಕೋಣೆಯಲ್ಲಿ, ಎರಡು ತುಳಿಯುವ ಮಿಷನ್ನುಗಳಿಂದ. ಒಂದರ ಮೇಲೆ ಇಂದ್ರಾಬಾಯಿ, ಇನ್ನೊಂದರ ಮೇಲೆ ಶಹರಬಾನು. ಇಂದ್ರಾಬಾಯಿಯ ಗಂಡ ಈರಪ್ಪ ಮಾಸ್ತರರು ಶಾಲೆ ಬಿಟ್ಟ ಮೇಲೆ ಬಂದು ಗೊಂಡೆ ಕಟ್ಟುತ್ತಿದ್ದರು. ಅವರು ಕಟ್ಟಿದವು ಒಂದೊಂದು ಒಂದೊಂದು ಗಾತ್ರ, ಶಹರಬಾನು ಅವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು, ಮಾಸ್ತರಿಗೆ ಮಾತ್ರ ಹೇಳುತ್ತಿರಲಿಲ್ಲ. ಬಾಣಂತಿಗೆ ಸೀರೆ ಕೊಳ್ಳಲು ಇಳಕಲ್ಲಿಗೆ ಬಂದವರು ಕೂಸಿಗೂ ಏನಾದರೂ ಒಯ್ಯಬೇಕಲ್ಲ. ಸೀರೆ ಅಂಗಡಿಗಳ ಗಲ್ಲಾ ಪೆಟ್ಟಿಗೆಯ ಪಕ್ಕ ಹತ್ತು ಹತ್ತು ಕುಂಚಿಗೆ ಇಟ್ಟು ಬಂದರು. ಹತ್ತು ನೂರಾಯಿತು, ಕೂಸಿನ ಅಂಗಿ ಝಬಲಾ ಬಂತು, ಫ್ರಾಕು ಬಂತು.

ಐದನೆಯ ವರ್ಷ ಬಾದಾಮಿಯ ಅಂಗಡಿಯವನೊಬ್ಬ ಒಂದು ಝಬಲಾ ವಾಪಸು ತಂದ. ಮಡಚುವಾಗ ಅವನ ಬೆರಳಿಗೆ ಸೂಜಿಯ ಚೂರು ನೆಟ್ಟಿತ್ತು. “ನನ್ನ ಬೆರಳಿಗೆ ಸಿಕ್ಕಿತು, ನಿಮ್ಮ ಪುಣ್ಯ” ಅಂದು ಹೋದನಂತೆ. ಮರುದಿನ ಇಂದ್ರಾಬಾಯಿ ಮೊದಲ ವಹಿ ಕೊಂಡರು.

ಹುನಗುಂದ ದಾಟಿದ ಮೇಲೆ ಇಂದ್ರಾಬಾಯಿಗೆ ಫೋನು ಬಂತು. ಪ್ರವೀಣಕುಮಾರ. ಗಾಡಿಯ ಸಪ್ಪಳಕ್ಕೆ ಸ್ಪೀಕರು ಹಾಕಿದರು.

“ಅವ್ವಾ, ಪ್ರೆಸ್ಸಿನ್ಯಾಗ ಅದೇನಿ. ‘ಆ ದಿನದಿಂದ ಒಂದು ಸೂಜಿಚೂರೂ ನಮ್ಮ ಬಾಗಿಲು ದಾಟಿಲ್ಲ’ ಅಂತ ಐತಲ್ಲ, ಆ ಸಾಲು ದಪ್ಪ ಅಕ್ಷರದಾಗ ಹಾಕಸ್ಲೇನು?”

ಇಂದ್ರಾಬಾಯಿ ಕಿಟಕಿಯಾಚೆ ನೋಡುತ್ತಿದ್ದರು.

“ಮಿಷನ್ ನಿಂದ್ರಸು.”

“ಏನವ್ವಾ?”

“ಆ ಸಾಲು ಖರೆ ಅಲ್ಲ. ನಾ ಹೇಳೂತನ ಏನೂ ಅಚ್ಚ ಹಾಕಬ್ಯಾಡ.” ಫೋನು ಇಟ್ಟರು. ಕಸ್ತೂರಿಯತ್ತ ತಿರುಗದೆ ಕೇಳಿದರು: “ತುದಿ ಸಿಗಲಿಲ್ಲ ಅಂತ ಹೇಳಿದ್ರ ನಾ ಏನ್ ಮಾಡ್ತಿದ್ನಿ ಅಂತ ತಿಳದಿದ್ದಿ?”

“ಸುಂದರವ್ವನ ಬಸ್ಸು ತಪ್ತಿತ್ರಿ.”

“ತಪ್ತಿತ್ತು. ಈ ಗಾಡ್ಯಾಗ ಕಳಸ್ತಿದ್ನಿ. ಬ್ಯಾರೆ ಕುಂಚಿಗಿ ಕೊಟ್ಟು.”

ಕಸ್ತೂರಿಗೆ ಅದು ಹೊಳೆದೇ ಇರಲಿಲ್ಲ. ಇಷ್ಟು ಸಾದಾ ಮಾತು. ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಳು.

ಅಮೀನಗಡ ದಾಟುತ್ತಲೇ ಮುಂದೆ ಕಬ್ಬಿನ ಟ್ರ್ಯಾಕ್ಟರು. ಹಿಂದೆ ಎರಡು ಟ್ರೇಲರು, ರಸ್ತೆಯ ತುಂಬ ಕಬ್ಬು. ನಾಗಲಿಂಗ ಹಾರ್ನು ಒತ್ತಿ ಒತ್ತಿ ಸೋತ. ಟ್ರ್ಯಾಕ್ಟರಿನವನಿಗೆ ಹಾಡು ಜೋರಾಗಿತ್ತು. ಮೂರು ಹತ್ತಾಯಿತು, ಮೂರು ಹದಿನೈದಾಯಿತು. ಕಸ್ತೂರಿಗೆ ಒಂದೇ ಚಿತ್ರ: ಯಾರೋ ಗೊಂಡೆ ಸರಿಮಾಡಲೆಂದು ನೆತ್ತಿಯ ಮೇಲೆ ಬೆರಳಿಟ್ಟು ಒತ್ತುವುದು.

“ಎಡಕ ಮಣ್ಣಿನ ಬಾಜು ಐತಿ, ಹಾಯ್ಸು” ಅಂದರು ಇಂದ್ರಾಬಾಯಿ.

“ತಗ್ಗು ಅದಾವ್ರಿ.”

“ಇರ್ಲಿ. ಹಾಯ್ಸು.”

ಗಾಡಿ ಕುಪ್ಪಳಿಸಿತು, ವಾಲಿತು, ಕಬ್ಬಿನ ಎಲೆಗಳು ಗಾಜನ್ನು ಕೆರೆದವು, ಮುಂದೆ ರಸ್ತೆ ಸಿಕ್ಕಿತು.

ಶಿರೂರಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಹಂದರ, ಹೊರಗೆ ಚಪ್ಪಲಿಯ ರಾಶಿ. ಒಳಗೆ ಪಡಸಾಲೆಯ ತುಂಬ ಹೆಂಗಸರು. ತೊಟ್ಟಿಲಿನ ಎರಡೂ ಬದಿಗೆ ನಿಂತು ಕೂಸನ್ನು ಕೆಳಗಿನಿಂದ ಆಚೆ ಕೊಟ್ಟು, ಮೇಲಿನಿಂದ ಈಚೆ ಇಸಿದುಕೊಳ್ಳುತ್ತಿದ್ದರು. ಕೈಯಿಂದ ಕೈಗೆ. ಕೆಂಪು ಖಣದ ಕುಂಚಿಗೆ ಕೂಸಿನ ತಲೆಯ ಮೇಲಿತ್ತು. ಕೂಸು ಕಿರಿಚಿ ಅಳುತ್ತಿತ್ತು. ಪ್ರತಿ ಕೈಯೂ ಮೊದಲು ಹಿಡಿಯುವುದು ತಲೆಯ ಹಿಂಬದಿಯನ್ನೇ.

“ನಿಂದರ್ರಿ” ಅಂದಳು ಕಸ್ತೂರಿ. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಹೆಂಗಸರನ್ನು ಸರಿಸಿಕೊಂಡು ಒಳನುಗ್ಗಿದಳು. “ಆ ಕುಂಚಿಗಿ ತಗೀರಿ. ಮೊದ್ಲ ಅದನ್ನ ತಗೀರಿ.”

ಆಡುತ್ತಿದ್ದ ಕೈಗಳೆಲ್ಲ ನಿಂತವು. ಕೂಸು ಆಗ ಬೀಗತಿಯ ಕೈಯಲ್ಲಿತ್ತು. ಶಿವಗಂಗವ್ವ, ಅರವತ್ತರ ಗಟ್ಟಿ ಹೆಂಗಸು, ಕೂಸನ್ನು ಎದೆಗೆ ಅವಚಿಕೊಂಡಳು. “ಯಾರವ್ವ ನೀವು? ಹೆಸರಿಡೂಕ್ಕಿಂತ ಮೊದ್ಲ ತವರಿನ ಕುಂಚಿಗಿ ತಗದ್ರ ಹೆಂಗ? ಎಲ್ಲೂ ಇಲ್ಲದ್ದು.”

ಮೂಲೆಯಲ್ಲಿ ಸುಂದರವ್ವ ಎದ್ದು ನಿಂತಿದ್ದಳು. ಕಸ್ತೂರಿಯ ಮುಖ, ಇಂದ್ರಾಬಾಯಿಯ ಕೈಯ ಕಡ್ಡಿ, ಎರಡನ್ನೂ ನೋಡಿ ಅವಳ ಮುಖದ ಬಣ್ಣ ಹೋಯಿತು.

ಅಳತೆ ತಪ್ಪಾಗಿದೆ, ಬೇರೆ ತಂದಿದ್ದೇವೆ ಅಂತ ಒಂದು ಮಾತು ಕಸ್ತೂರಿಯ ನಾಲಿಗೆಯ ತುದಿಗೆ ಬಂದಿತ್ತು. ಸುಂದರವ್ವನ ಮಾನ ಉಳಿಯುತ್ತಿತ್ತು. ಆದರೆ ಅಳತೆಯ ಮಾತಿಗೆ ಶಿವಗಂಗವ್ವ ಕೂಸನ್ನು ಬಿಡುವವಳಲ್ಲ. ಬಿಗಿಯೋ ಸಡಿಲೋ, ಹೆಸರಾದ ಮೇಲೆ ನೋಡೋಣ ಅಂದಾಳು.

“ಅದರಾಗ ಸೂಜಿ ಮುರುಕು ಐತ್ರಿ ಅವ್ವಾರ” ಅಂದಳು. “ಒಂದು ಸೂಜಿ ಮುರೀತು, ತುದಿ ಸಿಗಲಿಲ್ಲ. ಸಿಕ್ಕೈತಿ ಅಂತ ಸುಳ್ಳ ಬರದು ನಾ ಕಳಿಸಿದ್ನಿ. ಸುಂದರವ್ವಗ ಗೊತ್ತಿಲ್ಲ. ಒತ್ತಬ್ಯಾಡ್ರಿ, ಮೆಲ್ಲಕ ಬಿಚ್ಚರಿ.”

ಗೊತ್ತಿಲ್ಲ ಅಂದದ್ದು ಪೂರ್ತಿ ಖರೆಯಲ್ಲ. ಅಷ್ಟು ಸುಳ್ಳು ಉಳಿಯಲಿ ಅಂದುಕೊಂಡಳು.

ಶಿವಗಂಗವ್ವ ಗದ್ದದ ಕೆಳಗಿನ ಲಾಡಿ ಬಿಚ್ಚಿ, ಒಂದು ಕೈ ಕೂಸಿನ ಕುತ್ತಿಗೆಗೆ ಕೊಟ್ಟು, ಕುಂಚಿಗೆಯನ್ನು ಹಿಂದಕ್ಕಲ್ಲ, ನೇರ ಮೇಲಕ್ಕೆ ಎತ್ತಿದಳು. ಬಾಣಂತಿ ಬಂದು ಕೂಸಿನ ತಲೆಯನ್ನು ಕೂದಲು ಕೂದಲು ಬಿಡಿಸಿ ನೋಡಿದಳು. ನೆತ್ತಿಯ ಹಿಂದೆ ಗೀರಿನಂಥ ಒಂದು ಕೆಂಪು ಗೆರೆ. ರಕ್ತವಿಲ್ಲ.

ಇಂದ್ರಾಬಾಯಿ ಕಡ್ಡಿ ಹಿಡಿದರು. ಕೂಗಿತು, ಆದರೆ ಅದು ಕೂಸಿನ ಬೆಳ್ಳಿ ಉಡದಾರಕ್ಕೆ. ಪಕ್ಕ ಸರಿದರೆ ಬಳೆಗಳಿಗೆ, ತೊಟ್ಟಿಲಿನ ಸರಪಳಿಗೆ.

“ಎಲ್ಲಾರೂ ದೂರ ಸರೀರಿ.”

ಕುಂಚಿಗೆಯನ್ನು ಬರಿಯ ಕಲ್ಲು ನೆಲದ ಮೇಲೆ ಹಾಸಿದರು. ಸೆರಗಿನ ಮೇಲೆ ಕಡ್ಡಿ ಸುಮ್ಮನಿತ್ತು. ಅಂಚಿನ ಮೇಲೆ ಸುಮ್ಮನಿತ್ತು. ಗೊಂಡೆಯ ಬುಡಕ್ಕೆ ಬಂದಾಗ ಸಣ್ಣಗೆ, ಬಿಟ್ಟೂ ಬಿಡದೆ ಕೂಗಿತು. ಕಸ್ತೂರಿ ಹೊಲಿಗೆ ಬಿಚ್ಚಿದಳು, ಎಳೆ ಎಳೆಯಾಗಿ. ಮೂರನೆಯ ಮಡಿಕೆಯಲ್ಲಿ ಅದು ಅಸ್ತರಿಗೆ ನೆಟ್ಟು ನಿಂತಿತ್ತು. ಮೊನೆ ಒಳಮುಖಕ್ಕೆ, ಅಕ್ಕಿಯ ನುಚ್ಚಿನಷ್ಟು ಹೊರಗೆ.

ಶಿವಗಂಗವ್ವ ಅದನ್ನು ಅಂಗೈಯಲ್ಲಿ ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಯಾರೋ ಹಿಂದಿನಿಂದ, “ತವರಿನ ಉಡುಗೊರಿ ನೋಡ್ರವ್ವ” ಅಂದರು. ಸುಂದರವ್ವ ಗೋಡೆಗೆ ಮುಖ ಮಾಡಿದಳು.

“ಅಕಿಗೆ ಯಾಕ ಅಂತೀರಿ” ಅಂದಳು ಶಿವಗಂಗವ್ವ. “ಅಕಿ ಗೊತ್ತಿಲ್ದ ತಂದಾಳ. ಗೊತ್ತಿದ್ದವರು ಇಲ್ಲೇ ನಿಂತಾರ.” ಕಸ್ತೂರಿಯ ಕಡೆ ತಿರುಗಿದಳು. “ಇನ್ನೊಂದು ಕುಂಚಿಗಿ ಬರೂತನ ನಾ ಹೆಸರ ಇಡೂದಿಲ್ಲ. ಈಗ ಏನ್ ಮಾಡ್ತೀರಿ?”

“ಮನ್ಯಾಗ ಮಿಷನ್ ಐತೇನ್ರಿ?”

“ಬಾಜು ಮನ್ಯಾಗ ಐತಿ.”

ಮಿಷನ್ ಬಂತು. ಶಿವಗಂಗವ್ವ ತನ್ನ ಟ್ರಂಕಿನಿಂದ ಹಸಿರು ಖಣವೊಂದನ್ನು ತಂದು ನೆಲಕ್ಕೆ ಹಾಕಿದಳು. ಇಂದ್ರಾಬಾಯಿ ಅಳತೆಯ ಟೇಪು ಕೇಳಲಿಲ್ಲ. ಕೂಸಿನ ತಲೆಯ ಸುತ್ತ ಗೇಣು ಇಟ್ಟು ನೋಡಿ, ಅದೇ ಗೇಣಿನಿಂದ ಬಟ್ಟೆಯ ಮೇಲೆ ಗುರುತು ಮಾಡಿ ಕತ್ತರಿಸಿದರು. ಕಸ್ತೂರಿ ಹೊಲಿಯಲು ಕೂತಳು.

ಮೂವತ್ತು ಜೊತೆ ಕಣ್ಣು ಅವಳ ಬೆರಳುಗಳ ಮೇಲೆ. ಹೊಲಿಯುವ ಮೊದಲು ಅವಳು ಸೂಜಿ ಕಳಚಿ ಶಿವಗಂಗವ್ವನ ಕೈಗೆ ಕೊಟ್ಟಳು.

“ನೋಡ್ರಿ. ಪೂರ್ತಿ ಐತಿ.”

ಶಿವಗಂಗವ್ವ ಬುಡದಿಂದ ಮೊನೆಯವರೆಗೆ ಬೆರಳಾಡಿಸಿ ವಾಪಸು ಕೊಟ್ಟಳು. ನಡುವೆ ಎರಡು ಸಲ ಕಸ್ತೂರಿ ಮಿಷನ್ ನಿಲ್ಲಿಸಿ ಮತ್ತೆ ತೋರಿಸಿದಳು. ಹೊಲಿಗೆ ನೇರ ಬಂತು. ಮುಗಿದ ಮೇಲೆ ಸೂಜಿ ಕಳಚಿ ಮೂರನೆಯ ಸಲ ಕೊಟ್ಟಳು. ಶಿವಗಂಗವ್ವ ಸೂಜಿ ನೋಡಿದಳು, ಆಮೇಲೆ ಕುಂಚಿಗೆಯನ್ನು ಒಳಮೈ ಹೊರಗೆ ಮಾಡಿ ತನ್ನ ಗಲ್ಲಕ್ಕೆ, ಹಣೆಗೆ, ಕಣ್ಣಿನ ರೆಪ್ಪೆಗೆ ತಿಕ್ಕಿ ನೋಡಿಕೊಂಡಳು. ಮತ್ತೊಮ್ಮೆ ತಿಕ್ಕಿಕೊಂಡಳು. ಆಮೇಲೆ ಸುಂದರವ್ವನನ್ನು ಕರೆದಳು.

“ಬೀಗತಿ, ಬಾ ಇಲ್ಲೆ. ನೀನೇ ಹಾಕು.”

ಕೂಸು ಅಳು ನಿಲ್ಲಿಸಿತ್ತು. ಹೆಂಗಸರು ಮತ್ತೆ ತೊಟ್ಟಿಲಿನ ಸುತ್ತ ಕೂಡಿದರು. ಕೂಸಿನ ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು, ಉಳಿದವರು ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಆ ಗದ್ದಲದಲ್ಲಿ ಕಸ್ತೂರಿಗೆ ಹೆಸರು ಕೇಳಿಸಲಿಲ್ಲ. ಕೇಳುವುದಕ್ಕೆ ಅವಳಿಗೆ ಧೈರ್ಯವೂ ಆಗಲಿಲ್ಲ.

ಹೊರಗೆ ಹಂದರದ ಕಂಬಕ್ಕೆ ಒರಗಿ ನಿಂತಿದ್ದಾಗ ಇಂದ್ರಾಬಾಯಿ ಬಂದರು. ಕೈಯಲ್ಲಿ ಯಾರೋ ಕೊಟ್ಟ ಚಹಾದ ಕಪ್ಪು.

“ನಾಳಿಂದ ವಹಿ ಶಹರಬಾನು ಬರೀತಾಳ.”

“ಹೂನ್ರಿ ಬಾಯಾರ.”

“ಇವತ್ತಿಂದೂ ಅಕಿನೇ ಬರೀಲಿ. ಖರೆ ಇದ್ದಂಗ. ಪುಸ್ತಕದಾಗೂ ಅದನ್ನೇ ಹಾಕಸ್ತೇನಿ.”

ಕಸ್ತೂರಿ ತಲೆಯಾಡಿಸಿದಳು. ಹದಿನೆಂಟು ವರ್ಷದ ಬರಹದ ಕೆಳಗೆ ಇನ್ನೊಬ್ಬರ ಅಕ್ಷರ ಬರುವುದನ್ನು ಕಣ್ಣ ಮುಂದೆ ತಂದುಕೊಂಡಳು. “ನಾ ಬರೂದ ಬ್ಯಾಡೇನ್ರಿ?”

ಇಂದ್ರಾಬಾಯಿ ಚಹಾ ಕುಡಿದು ಮುಗಿಸಿದರು. ಒಳಗೆ ಕೂಸು ಮತ್ತೆ ಅಳತೊಡಗಿತ್ತು. ಈ ಸಲ ಹಸಿವಿನ ಅಳು, ಕೇಳಿದವರಿಗೆ ಗೊತ್ತಾಗುವಂಥದು.

“ಹನ್ನೆರಡನೇ ಮಿಷನ್ ಖಾಲಿ ಐತಿ” ಅಂದರು. “ಒಂಬತ್ತಕ್ಕ ಬಾ. ಸೂಜಿ ಮುರದ್ರ ಎದ್ದು ನಿಂತು ಹೇಳು.”

ನಾಗಲಿಂಗ ಗಾಡಿ ತಿರುಗಿಸಿ ತಂದ. ಕಸ್ತೂರಿ ಹಿಂದೆ ಹತ್ತಿ ಕೂತಳು. ಗಾಡಿ ಹುನಗುಂದದ ರಸ್ತೆ ಹಿಡಿಯಿತು.